ಲಿವರ್ ಹೂಳುವ ಕೆಲಸ

ಸ್ಟಿಲ್‌ಹುಕ್,
ಭಾನುವಾರ, ಮೇ 14, 2017

ಪ್ರೀತಿಯ ಸಬೀನಾ,

ನಿನ್ನ ಎರಡು ಕಾಗದಗಳೂ ಬಂದು ತಲುಪಿವೆ. ಒಂದು ಈಸ್ಟರ್‌ಗೆ ಮೊದಲು, ಇನ್ನೊಂದು ಮೊನ್ನೆ. ಎರಡನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ಬರಿ" ಎಂದು ಬೈದಿದ್ದೀಯ. ಬದುಕಿದ್ದೇನೆ. ಬೈಸಿಕೊಳ್ಳುವುದು ನನಗೆ ಸಲ್ಲಬೇಕಾದದ್ದೇ, ಆದ್ದರಿಂದ ಕ್ಷಮಿಸು ಎಂದು ಒಂದೇ ಸಲ ಕೇಳಿ ಮುಂದಕ್ಕೆ ಹೋಗುತ್ತೇನೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನನ್ನು ಎತ್ತುವುದು ನಿನ್ನ ತಂಗಿ. ಅವಳಿಗೆ ಹೇಳಿದ್ದು ಸಂಜೆಯೊಳಗೆ ವೂಸ್ಟರ್ ಪಟ್ಟಣಕ್ಕೆಲ್ಲ ಗೊತ್ತಾಗುತ್ತದೆ ಎಂದು ನೀನೇ ಹೇಳಿದ್ದೆ.

ನಿನ್ನ ಮಂಡಿ ಹೇಗಿದೆ? ಸಮುದ್ರದ ತಂಡಿಯಿಂದ ದೂರ ಹೋದರೆ ಸರಿಹೋಗುತ್ತದೆ ಎಂದು ಹೊರಟವಳು ನೀನು. ಮೂರು ವರ್ಷವಾಯಿತು. ಇಲ್ಲಿ ಕ್ಲಿನಿಕ್ ಈಗ ಮಂಗಳವಾರ ಮಾತ್ರ ತೆರೆಯುತ್ತದೆ. ಹೊಸ ನರ್ಸ್ ಒಳ್ಳೆಯ ಹುಡುಗಿ, ಆದರೆ ಪಕ್ಕದ ಮನೆಯ ಸನ್ನಾ ಚಿಕ್ಕಮ್ಮನಿಗೆ ಅವಳು ಹಿಡಿಸಿಲ್ಲ. "ಅವಳ ಕೈ ಮಂಜುಗಡ್ಡೆ ಕಣೇ. ಬಿ.ಪಿ. ನೋಡ್ತೀನಿ ಅಂತ ಮುಟ್ಟಿದ್ರೆ ಸಾಕು, ನನ್ನ ಬಿ.ಪಿ. ಅಲ್ಲೇ ಏರತ್ತೆ. ಸಬೀನಾ ಇದ್ದಿದ್ರೆ ಮೊದಲು ಟೀ ಕಪ್ ಹಿಡಿದು ಕೈ ಬೆಚ್ಚಗೆ ಮಾಡ್ಕೊಳ್ತಿದ್ಳು" ಎಂದು ಪ್ರತಿ ಮಂಗಳವಾರ ಹೇಳುತ್ತಾಳೆ. ಇಪ್ಪತ್ತೆರಡು ವರ್ಷ ಇಲ್ಲಿ ನರ್ಸ್ ಆಗಿದ್ದು ನೀನು ಕುಡಿದ ಟೀಗೆ ಇಂಥದೊಂದು ಕಾರಣವಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ನೀನು ಕೇಳಿದ್ದು ಅಪ್ಪನ ವಿಷಯ. ಅದನ್ನೇ ಬರೆಯಲು ಕೂತಿದ್ದೇನೆ.

ಈಸ್ಟರ್ ಕಳೆದು ಬಂದ ಶನಿವಾರ ಸಮುದ್ರ ಶಾಂತವಾಗಿತ್ತು. ನನ್ನ ತಮ್ಮ ಫ್ಲೋರಿಸ್ ಬೆಳಕು ಹರಿಯುವಾಗಲೇ ದೋಣಿ ಇಳಿಸಿದ್ದ. ಅವನೊಂದಿಗೆ ಎಂದಿನ ಆರು ಜನ. ಹತ್ತೂವರೆಯ ಹೊತ್ತಿಗೆ ಅವರು ಹಿಂದಿರುಗುವುದು ಕಂಡಿತು. ಅಷ್ಟು ಬೇಗ ವಾಪಸಾದರೆ ಇಂಜಿನ್ ಕೆಟ್ಟಿರಬೇಕು, ಇಲ್ಲವೇ ಯಾರಿಗೋ ಪೆಟ್ಟಾಗಿರಬೇಕು. ನಾನು ದೋಣಿ ಎಳೆದುಕೊಳ್ಳುವ ಸ್ಲಿಪ್‌ವೇಯತ್ತ ಓಡಿದೆ. ಯಾರಿಗೂ ಏನೂ ಆಗಿರಲಿಲ್ಲ. ಗೋಣಿತಟ್ಟುಗಳ ಕೆಳಗೆ ಒಂದು ಕೆಂಪು ಸ್ಟೀನ್‌ಬ್ರಾಸ್ ಮೀನು ಇತ್ತು.

ಸಬೀನಾ, ಅಂಥದ್ದನ್ನು ನಾನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ಹಿಡಿಯಕೂಡದು ಎಂಬ ಕಾನೂನು ಬಂದೇ ಐದು ವರ್ಷವಾಗುತ್ತ ಬಂತು. ಅದಕ್ಕೆ ಮೊದಲೂ ದೊಡ್ಡವು ಸಿಗುತ್ತಿರಲಿಲ್ಲ. ಇದು ನಮ್ಮ ಊಟದ ಮೇಜಿಗಿಂತ ಒಂದು ಗೇಣು ಉದ್ದವಿತ್ತು. ಬೆನ್ನೆಲ್ಲ ಹಳೆಯ ತಾಮ್ರದ ಬಣ್ಣ. ನಾಯಿಯಂಥ ಕೋರೆಹಲ್ಲು. ಕೆಳದವಡೆಯಲ್ಲಿ ತುಕ್ಕು ಹಿಡಿದ ಹಳೆಯ ಗಾಳವೊಂದು ಮಾಂಸದೊಳಗೆ ಬೆಳೆದುಕೊಂಡಿತ್ತು. ಯಾರ ಕಾಲದ್ದೋ. ಹೊಟ್ಟೆಯ ಚೀಲ ಬಾಯಿಂದ ಹೊರಗೆ ಬಂದಿತ್ತು, ಕಣ್ಣುಗಳು ಕೋಳಿಮೊಟ್ಟೆಯಷ್ಟಾಗಿ ಉಬ್ಬಿದ್ದವು. ಅಷ್ಟು ಆಳದಿಂದ ಎಳೆದರೆ ಹಾಗೇ ಆಗುವುದು, ಒಳಗಿನ ಗಾಳಿ ಹಿಗ್ಗುತ್ತದೆ.

"ನಾವೇನು ಬೇಕು ಅಂತ ಹಿಡಿದಿದ್ದಲ್ಲ ಅಕ್ಕ" ಎಂದ ಫ್ಲೋರಿಸ್, ನಾನು ಏನನ್ನೂ ಕೇಳುವ ಮೊದಲೇ. "ಬೇರೆ ಮೀನಿಗೆ ಹಾಕಿದ ದಾರಕ್ಕೆ ಬಂತು. ಮೂರು ಸಲ ಇಳಿಸಿದ್ವಿ."

ಇಳಿಸುವುದಕ್ಕೆ ಅವನೇ ಒಂದು ಸಾಧನ ಮಾಡಿಟ್ಟುಕೊಂಡಿದ್ದಾನೆ. ಒಂದು ಸೀಸದ ಗುಂಡು, ಅದಕ್ಕೆ ಮುಳ್ಳಿಲ್ಲದ ಕೊಕ್ಕೆ. ಕೊಕ್ಕೆಯನ್ನು ಮೀನಿನ ತುಟಿಗೆ ಸಿಕ್ಕಿಸಿ ಗುಂಡನ್ನು ಬಿಟ್ಟರೆ ಅದು ಮೀನನ್ನು ತಳಕ್ಕೆ ಒಯ್ಯುತ್ತದೆ. ಅಲ್ಲಿ ಒಮ್ಮೆ ಜಗ್ಗಿದರೆ ಕೊಕ್ಕೆ ಕಳಚಿಕೊಳ್ಳುತ್ತದೆ. ಮೂರು ಸಲವೂ ಮೀನು ಕೆಳಗೆ ಹೋಯಿತು, ಮೂರು ಸಲವೂ ಹೊಟ್ಟೆ ಮೇಲಾಗಿ ತೇಲಿ ಬಂತು. ಮೂರನೆಯ ಸಲ ಕಡಲಹಕ್ಕಿಗಳು ಬಂದು ಅದರ ಕಣ್ಣಿಗೆ ಕುಕ್ಕತೊಡಗಿದವಂತೆ. ಮೀನಿಗೆ ಇನ್ನೂ ಜೀವವಿತ್ತು.

"ಕಾನೂನು ಹೇಳತ್ತೆ, ಬಿಟ್ಟುಬಿಡು ಅಂತ. ಮೀನು ಹೇಳತ್ತೆ, ನಂಗೆ ಹೋಗೋಕಾಗ್ತಿಲ್ಲ ಅಂತ. ನಡುವೆ ನಾನೇನ್ ಮಾಡ್ಲಿ ಹೇಳು" ಎಂದ.

ನಮ್ಮ ಹಿತ್ತಿಲು ರಸ್ತೆಗೆ ಕಾಣುವುದಿಲ್ಲವಾದ್ದರಿಂದ ಮೀನು ನಮ್ಮ ಅಡುಗೆಮನೆಗೆ ಬಂತು. ನಾಲ್ಕು ಜನ ಹೊತ್ತು ತಂದು ಮೇಜಿನ ಮೇಲೆ ಮಲಗಿಸಿದರು. ಅಪ್ಪ ಕಿಟಕಿಯ ಹತ್ತಿರ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಕಳೆದ ವರ್ಷದಿಂದ ಅವರಿಗೆ ಬೆಳಿಗ್ಗೆ ಬ್ರೆಡ್ ತಿಂದದ್ದು ಹತ್ತು ನಿಮಿಷಕ್ಕೆ ಮರೆಯುತ್ತದೆ. ಷರಾಯಿಯ ಗುಂಡಿಯನ್ನು ನಾನೇ ಹಾಕಬೇಕು. ಶಾಲೆಗೆ ಹೋಗುವಾಗ ಸನ್ನಾ ಚಿಕ್ಕಮ್ಮನನ್ನು ಕೂರಿಸಿ ಹೋಗಬೇಕು. ಹಾಗಿದ್ದವರು ಎದ್ದು ಬಂದು ಮೀನಿನ ತಲೆಯ ಮೇಲೆ ಕೈಯಿಟ್ಟರು. ಆ ಹಳೆಯ ಗಾಳವನ್ನು ಬೆರಳಿನಿಂದ ಮುಟ್ಟಿದರು.

"ಅಗಸ್ಟೀನ್ ಬಂಡೆ ಮೀನು ಇದು" ಎಂದರು. "ನಿಮ್ಮಮ್ಮ ಮದುವೆಯಾಗಿ ಬಂದಾಗ್ಲೇ ಅಲ್ಲಿತ್ತು. ಏಳು ದಾರ ಕಿತ್ಕೊಂಡು ಹೋಗಿದೆ ನಂದು."

ಫ್ಲೋರಿಸ್ ನನ್ನ ಮುಖ ನೋಡಿದ. "ಅಕ್ಕ, ಎಲ್ಲಿ ಸಿಕ್ತು ಅಂತ ನಾನಿನ್ನೂ ಹೇಳೇ ಇಲ್ಲ."

"ನೀನ್ಯಾಕೆ ಹೇಳ್ಬೇಕು? ಮೀನೇ ಹೇಳ್ತಿದೆ" ಎಂದರು ಅಪ್ಪ. "ಆ ಬಂಡೆ ಸಿಗ್ಬೇಕಂದ್ರೆ ಚರ್ಚಿನ ಗೋಪುರಕ್ಕೂ ಬಿಳೀ ದಿಬ್ಬಕ್ಕೂ ಸಾಲು ಹಿಡೀಬೇಕು. ನೀನು ಇನ್ನೂ ಒಂದು ದೋಣಿಯಷ್ಟು ಪೂರ್ವಕ್ಕೇ ನಿಲ್ಲಿಸ್ತೀಯ. ಎಷ್ಟು ಸಲ ಹೇಳಿದ್ದೀನಿ, ಕತ್ತೆ."

ಎಲ್ಲರೂ ನಕ್ಕರು. ಫ್ಲೋರಿಸ್ ನಗುತ್ತ ಅತ್ತೇಬಿಟ್ಟ. ಒಂದು ವರ್ಷದಿಂದ ಅಪ್ಪ ಅವನನ್ನು ಕತ್ತೆ ಎಂದು ಕರೆದಿರಲಿಲ್ಲ, ಹೆಚ್ಚಿನ ದಿನ 'ಯಾರಪ್ಪಾ ನೀನು' ಎಂದೇ ಕೇಳುತ್ತಿದ್ದರು. ನನಗೂ ಏನೋ ಆಯಿತು. ಅಪ್ಪ ವಾಪಸು ಬಂದಿದ್ದಾರೆ ಎಂದುಕೊಂಡೆ. ನನ್ನ ತಪ್ಪು ಅಲ್ಲಿಂದ ಶುರುವಾಯಿತು.

ಮೀನು ಸೀಳಿದೆ. ಈ ಮೀನಿನ ಲಿವರ್‌ನ ಸಂಗತಿ ನಿನಗೆ ನಾನು ಹೇಳಬೇಕಾಗಿಲ್ಲ. ನಡೆಯಲು ಕಲಿಯುವ ಮೊದಲೇ ನಮ್ಮೂರ ಮಕ್ಕಳಿಗೆ ಗೊತ್ತಿರುತ್ತದೆ, ಸ್ಟೀನ್‌ಬ್ರಾಸ್‌ನ ಲಿವರ್ ತಿಂದರೆ ಮೈ ಸುಲಿದು ಹೋಗುತ್ತದೆ ಎಂದು. ಹೊರಗೆ ಎಸೆಯುವಂತೆಯೂ ಇಲ್ಲ, ನಾಯಿ ತಿಂದೀತು. ಮನೆಯ ಹಿರಿಯ ಗಂಡಸು ಅದನ್ನು ಒಯ್ದು ಮೊಣಕೈಯಷ್ಟು ಆಳಕ್ಕೆ ಹೂಳಿ ಮೇಲೊಂದು ಕಲ್ಲು ಇಡಬೇಕು. ಅದಾದ ಮೇಲೇ ಮಾಂಸಕ್ಕೆ ಚಾಕು ಹಾಕುವುದು. ನಮ್ಮ ಮನೆಯಲ್ಲಿ ಅದು ಯಾವಾಗಲೂ ಅಪ್ಪನ ಕೆಲಸ. ಬೇಸಿನ್ ತುಂಬ ಬಂತು ಲಿವರ್. ಫ್ಲೋರಿಸ್ ಕೈ ಚಾಚಿದ. ನಾನು ಅವನಿಗೆ ಕೊಡದೆ ಅಪ್ಪನ ಕೈಗೆ ಕೊಟ್ಟೆ.

"ಏನ್ ಮಾಡ್ಬೇಕು ಗೊತ್ತಲ್ವಾ ಅಪ್ಪಾ?"

"ನಂಗೆ ಹೇಳಿಕೊಡ್ತೀಯಾ? ನೀನು ಅಂಬೆಗಾಲಿಕ್ಕೋ ಮುಂಚಿಂದ ಹೂಳ್ತಿದೀನಿ" ಎಂದರು. ಬೇಸಿನ್ ಹಿಡಿದು, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು, ಹಿತ್ತಿಲ ಬಾಗಿಲಿಂದ ನೆಟ್ಟಗೆ ನಡೆದುಹೋದರು. ಎಷ್ಟು ನೆಟ್ಟಗೆ ಅಂತೀಯ! ನಾನು ಕಿಟಕಿಯಿಂದ ಅವರು ಅಗೆಯುವುದನ್ನೂ ನೋಡಿದೆ. ಹೂಳುವುದನ್ನು ನೋಡಲಿಲ್ಲ. ಅಷ್ಟರಲ್ಲಿ ಮಾಂಸ ಕತ್ತರಿಸಿ ಪಾಲು ಮಾಡಬೇಕಾಗಿತ್ತು. ಏಳು ಮನೆಗೆ ಏಳು ಪಾಲು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಬಟ್ಟೆ ಹೊದಿಸಿ, ಗಂಡಸರು ದೋಣಿ ತೊಳೆಯಲು ಹೋದ ಮೇಲೆ ಒಬ್ಬಳೇ ಹಂಚಿ ಬರಲು ಹೊರಟೆ. ಗಂಡಸರು ಹೊತ್ತುಕೊಂಡು ಹೋದರೆ ಕಾಣುತ್ತದೆ, ಟೀಚರಮ್ಮ ಬುಟ್ಟಿ ಹಿಡಿದು ಹೋದರೆ ಯಾರೂ ನೋಡುವುದಿಲ್ಲ ಎಂದು ಫ್ಲೋರಿಸ್‌ನ ಹೆಂಡತಿ ಮೆರ್ಲ್ ಹೇಳಿದ್ದಳು.

ನಾನು ತಿರುಗಿ ಬರುವಷ್ಟರಲ್ಲಿ ಅಪ್ಪ ಮೇಜಿನ ಮುಂದೆ ಕೂತು ಬ್ರೆಡ್‌ನಿಂದ ತಟ್ಟೆ ಒರೆಸುತ್ತಿದ್ದರು. ಇನ್ನೊಂದು ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟಿದ್ದರು.

"ನಿಂಗೂ ಇಟ್ಟಿದ್ದೀನಿ" ಎಂದರು. "ಭಾನುವಾರದ ಕುರಿ ಲಿವರ್ ತುಂಬಾ ಚೆನ್ನಾಗಿದೆ. ಯಾರು ತಂದಿದ್ದು?"

ಹಿತ್ತಿಲಿನಲ್ಲಿ ಗುಂಡಿ ಹಾಗೇ ಇತ್ತು. ಮೊಣಕೈಯಷ್ಟು ಆಳ, ಅಂಚು ಅಚ್ಚುಕಟ್ಟಾಗಿ ಕಡಿದದ್ದು. ಪಕ್ಕದಲ್ಲಿ ಕಲ್ಲು. ಅಲ್ಲಿಯವರೆಗೆ ಅವರಿಗೆ ನೆನಪಿತ್ತು.

ಉಪ್ಪುನೀರು ಕುಡಿಸಿದೆ. ಅರ್ಧ ಹೊರಬಂತು. ಸಂಜೆಗೆ ತಲೆನೋವು ಶುರುವಾಯಿತು. ಅಪ್ಪ ತಲೆನೋವೆಂದು ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ವಾಂತಿ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನಿಲ್ಲಲಾರದೆ ಬಿದ್ದರು, ಆಂಬುಲೆನ್ಸ್ ಕರೆಸಿದೆವು.

ಪಟ್ಟಣದ ಆಸ್ಪತ್ರೆಯ ಡಾಕ್ಟರ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು, ಒಳನಾಡಿನಿಂದ ಬಂದವನು. ಒರಟನಲ್ಲ. ಅಪ್ಪನ ಕೈ ಹಿಡಿದು ಮಾತಾಡಿಸಿದ. ಆಮೇಲೆ ನನ್ನನ್ನು ಕೇಳಿದ, "ನಿನ್ನೆ ಏನ್ ತಿಂದಿದ್ರು?"

"ಮೀನು, ಬ್ರೆಡ್."

"ಯಾವ ಮೀನು?"

"ದಿನಾ ತಿನ್ನೋದೇ."

ನೀನಿದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಅವರ ತುಟಿ ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತಿತ್ತು, ನೀನು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಮಾಡಬೇಕಾದ್ದನ್ನು ಮಾಡುತ್ತಿದ್ದೆ. ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಮಿದುಳಿಗೆ ಸೋಂಕು ಇರಬಹುದು ಎಂದ. ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆದರು. ಇಬ್ಬರು ಹಿಡಿದುಕೊಂಡಿದ್ದರು. ಅಪ್ಪ ನನ್ನ ಹೆಸರು ಕರೆಯುತ್ತಿದ್ದರು. ಸೂಜಿಯಲ್ಲಿ ಸಿಗುವುದು ಏನೂ ಇಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನಾನು ಗೋಡೆಗೆ ಆತುಕೊಂಡು ನಿಂತಿದ್ದೆ.

ಮಂಗಳವಾರ, ಮೇ 16

ಮೊನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಅಪ್ಪ ಎದ್ದರು, ಹೋಗಬೇಕಾಯಿತು. ಈಗ ಸನ್ನಾ ಚಿಕ್ಕಮ್ಮ ಅವರ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದಾಳೆ.

ಆ ಭಾನುವಾರ ಆಸ್ಪತ್ರೆಯಿಂದ ಬಂದು ಫ್ಲೋರಿಸ್‌ನ ಮನೆಗೆ ಹೋದೆ. ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಪರವಾನಗಿ ಹೋಗುತ್ತದೆ, ದೋಣಿ ಜಪ್ತಿ. ಅವನು ಮೆಟ್ಟಿಲ ಮೇಲೆ ಕೂತು ಗಾಳಗಳನ್ನು ಬಿಡಿಸುತ್ತಿದ್ದ.

"ಹೇಳ್ಬಿಡು ಅಕ್ಕ" ಎಂದ, ತಲೆ ಎತ್ತದೆ. "ದೋಣಿ ಹೋದ್ರೆ ಹೋಗ್ಲಿ. ಅಪ್ಪ ಒಬ್ರೇ ಇರೋದು."

ಒಳಗಿನಿಂದ ಮೆರ್ಲ್ ಹೇಳಿದಳು, "ಅಪ್ಪ ಒಬ್ರೇ, ನಿಜ. ದೋಣಿನೂ ಒಂದೇ. ಏಳು ಮನೆ ಒಲೆ ಅದರಿಂದ ಉರಿಯತ್ತೆ. ನಾನೇನೂ ಹೇಳ್ಬೇಡಿ ಅನ್ತಿಲ್ಲ ಅತ್ತಿಗೆ. ಲೆಕ್ಕ ಮಾತ್ರ ಹೇಳ್ದೆ."

"ನೀನು ಸುಮ್ನಿರು" ಎಂದ ಫ್ಲೋರಿಸ್.

"ಸುಮ್ನೇ ಇದೀನಲ್ಲ. ಈ ಊರಲ್ಲಿ ಎಲ್ರೂ ಸುಮ್ನೇ ಇದೀವಿ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೇಳು ಎಂದು ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಹೇಳುತ್ತಿದ್ದೆನೇನೋ, ಬೇಡ ಎಂದಿದ್ದರೆ ಅವರನ್ನು ಬೈದುಕೊಂಡು ಇರಬಹುದಿತ್ತು. ಎರಡೂ ಆಗಲಿಲ್ಲ. ಬಸ್ ಹತ್ತಿ ಪಟ್ಟಣಕ್ಕೆ ಹೋಗುವುದು, ಹಾಸಿಗೆಯ ಪಕ್ಕ ಕೂರುವುದು, ಬಸ್ ಹತ್ತಿ ಬರುವುದು. ಅಷ್ಟೇ ಮಾಡಿದೆ.

ಮೂರನೆಯ ದಿನ ಚರ್ಮ ಏಳತೊಡಗಿತು. ಮೊದಲು ಬಾಯಿಯ ಸುತ್ತ, ಆಮೇಲೆ ಹಣೆಯಿಂದ ಹಾಳೆಹಾಳೆಯಾಗಿ. ಔಷಧಿ ಒಗ್ಗಿಲ್ಲ ಎಂದುಕೊಂಡು ಡಾಕ್ಟರ್ ಔಷಧಿ ಬದಲಾಯಿಸಿದ. ಅಪ್ಪ ಕೈಗೆ ಚುಚ್ಚಿದ ನಳಿಕೆಯನ್ನು ಕಿತ್ತುಹಾಕುತ್ತಿದ್ದರಿಂದ ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದರು. ಕಟ್ಟಿದ ಕೈಗಳು ಸುಮ್ಮನಿರಲಿಲ್ಲ. ಎಡಗೈ ಹಿಡಿಯುತ್ತಿತ್ತು, ಬಲಗೈ ಎಳೆಯುತ್ತಿತ್ತು, ಎಡಗೈ ಹಿಡಿಯುತ್ತಿತ್ತು. ಅಂಗೈಯ ಚರ್ಮ ಸುಲಿದಿದ್ದರೂ ಬಿಡದೆ, ಅಲ್ಲಿಲ್ಲದ ಗಾಳದ ದಾರವನ್ನು ಎಳೆಯುತ್ತಲೇ ಇದ್ದರು. "ಇನ್ನೂ ಎಷ್ಟಿದೆ?" ಎಂದು ನನ್ನನ್ನು ಕೇಳಿದರು. "ಸ್ವಲ್ಪ ಇದೆ ಅಪ್ಪ" ಎಂದೆ. ಮತ್ತೇನು ಹೇಳಲಿ?

ನಾಲ್ಕನೆಯ ದಿನ, ತಲೆಯ ಫೋಟೋ ತೆಗೆಸಲು ಅಪ್ಪನನ್ನು ಕೇಪ್‌ಟೌನ್‌ಗೆ ಕಳಿಸುತ್ತೇವೆ ಎಂದರು. ಇನ್ನೂರು ಕಿಲೋಮೀಟರ್, ಕಟ್ಟಿದ ಕೈಯಲ್ಲಿ. ಆಗ ನನ್ನ ಬಾಯಿಂದ ಬಂತು.

"ಡಾಕ್ಟರೇ, ಅವರು ಶನಿವಾರ ಶಾರ್ಕ್ ಲಿವರ್ ತಿಂದಿದ್ರು."

ಅವನು ಪೆನ್ನು ಕೆಳಗಿಟ್ಟ. "ಶಾರ್ಕ್ ಲಿವರ್? ಎಷ್ಟು?"

"ಒಂದು ತಟ್ಟೆ."

"ಮೇಡಂ, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೆನಪಾಗ್ಲಿಲ್ಲ."

"ಅವರು ತಿನ್ನೋವಾಗ ಮನೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ."

ಶಾರ್ಕ್ ಹಿಡಿಯುವುದಕ್ಕೆ ನಮ್ಮ ದೋಣಿಗೆ ಅಡ್ಡಿಯಿಲ್ಲ. ಅದರ ಲಿವರ್ ಮಾಡುವುದೂ ಇದನ್ನೇ. ಇಷ್ಟು ಸುಲಭದ ಸುಳ್ಳು, ಯಾರಿಗೂ ನಷ್ಟವಿಲ್ಲದ್ದು, ನಾಲ್ಕು ದಿನ ನನಗೆ ಯಾಕೆ ಹೊಳೆಯಲಿಲ್ಲ? ಫ್ಲೋರಿಸ್ ಕೂಡ ಕೇಳಿದ. ಗಾಬರಿಯಲ್ಲಿ ತಲೆ ಓಡಲಿಲ್ಲ ಎಂದೆ. ಅವನು ನಂಬಿದ.

ಆಮೇಲೆ ಅವರು ಬೇಗ ಬೇಗ ಮಾಡಿದರು. ಬೇಡದ ಔಷಧಿ ನಿಲ್ಲಿಸಿದರು, ಕೈ ಬಿಚ್ಚಿದರು, ಕೇಪ್‌ಟೌನ್ ತಪ್ಪಿತು. ಮುಂದಿನ ಬುಧವಾರ ಮನೆಗೆ ಬಂದೆವು. ಮುಖದಲ್ಲಿ ಹೊಸ ಚರ್ಮ ಬರುತ್ತಿದೆ, ಎಳೆಯ ಮಗುವಿನ ಹಾಗೆ ಗುಲಾಬಿ ಬಣ್ಣ. ಎಪ್ಪತ್ತೊಂಬತ್ತು ವರ್ಷದ ಮುಖದಲ್ಲಿ ಅದನ್ನು ನೋಡಲಾಗುವುದಿಲ್ಲ. ತಲೆನೋವು ಹೋಗಿದೆ. ಆದರೆ ಆಸ್ಪತ್ರೆಗೆ ಹೋದ ಅಪ್ಪ ತಿರುಗಿ ಬರಲಿಲ್ಲ ಸಬೀನಾ. ಮಾತಿಲ್ಲ. ಚಮಚ ಬಾಯಿಗಿಟ್ಟರೆ ನುಂಗುತ್ತಾರೆ. ಮೊನ್ನೆ ಫ್ಲೋರಿಸ್ ಅವರ ಮುಂದೆ ಮಂಡಿಯೂರಿ, "ಅಪ್ಪಾ, ನಾನು ಕತ್ತೆ ಬಂದಿದ್ದೀನಿ" ಎಂದ. ಅಪ್ಪ ಅವನ ಹಿಂದಿದ್ದ ಗೋಡೆಯನ್ನು ನೋಡಿದರು. ಇದು ಲಿವರ್‌ನಿಂದಲೋ, ಕಟ್ಟಿಹಾಕಿದ ಆ ನಾಲ್ಕು ದಿನಗಳಿಂದಲೋ, ಅಥವಾ ಹೇಗೂ ಬರುತ್ತಿದ್ದದ್ದೇ ಬೇಗ ಬಂತೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲವಂತೆ. ನಿನಗೆ ಗೊತ್ತಿದ್ದರೆ ಬರಿ. ಅಂಗೈಗೆ ಏನು ಹಚ್ಚಬೇಕು ಎಂಬುದನ್ನೂ ಬರಿ. ಈಗ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ.

ಊರು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ. ದಿನವೂ ಒಂದಲ್ಲ ಒಂದು ಮನೆಯಿಂದ ಸೂಪು ಬರುತ್ತದೆ. ಟೀಚರಮ್ಮ ದೋಣಿ ಉಳಿಸಿದಳು ಎಂದು ಅವರ ಭಾವನೆ. ಮೆರ್ಲ್ ಬಂದು ನನ್ನ ಕೈಹಿಡಿದುಕೊಂಡು ಕೂತಿದ್ದು ಹೋದಳು. ಸೂಪು ತಿನ್ನುತ್ತೇನೆ. ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಾರೆ.

ನಿನ್ನ ಮಂಡಿಯ ನೋವು ಇಳಿಯಲಿ. ನೀನಿರುವ ಮನೆಯಲ್ಲಿ ಬೆಚ್ಚನೆಯ ಒಲೆಯೂ ನಗುವ ಜನವೂ ಇರಲಿ. ಚರ್ಚಿನ ನಮ್ಮ ಬೆಂಚಿನಲ್ಲಿ ನಿನ್ನ ಜಾಗದಲ್ಲಿ ಇನ್ನೂ ಯಾರೂ ಕೂರುವುದಿಲ್ಲ, ಹಾಡುವಾಗ ನಾನು ಆ ಕಡೆಗೇ ಸ್ವಲ್ಪ ವಾಲಿಕೊಂಡು ನಿಲ್ಲುತ್ತೇನೆ. ದೇವರು ನಿನ್ನನ್ನು ಕಾಯಲಿ.

ನಿನ್ನ
ಅಲೆಟ್ಟಾ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ನಾನು ತಿರುಗಿ ಬರುವಷ್ಟರಲ್ಲಿ ಅಪ್ಪ ತಟ್ಟೆ ಒರೆಸುತ್ತಿದ್ದರು ಎಂದು ಬರೆದೆನಲ್ಲ, ಅದಕ್ಕೂ ಮೊದಲೇ ನಾನು ಬಂದಿದ್ದೆ. ಏಳು ಪಾಲು ಹಂಚಿ ಗೇಟಿನ ಹತ್ತಿರ ಬಂದಾಗ ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ ಬಂತು. ಅದರೊಳಗೆ ಇನ್ನೊಂದು ವಾಸನೆ. ಕಿಟಕಿಯಲ್ಲಿ ಅಪ್ಪನ ಬೆನ್ನು ಕಾಣಿಸುತ್ತಿತ್ತು. ಒಲೆಯ ಮುಂದೆ ನಿಂತು ಏನನ್ನೋ ಗುನುಗುತ್ತಿದ್ದರು. ಅವರು ಮೀನಿನ ತುಂಡು ಹುರಿಯುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾಸನೆ ಮೀನಿನದಲ್ಲ ಎಂದು ಈ ಊರಿನಲ್ಲಿ ಹುಟ್ಟಿದವಳಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗಿತ್ತು. ಮಳೆನೀರಿನ ತೊಟ್ಟಿಯ ಹಿಂದಿನ ಕಲ್ಲಿನ ಮೇಲೆ ಕೂತೆ. ಒಂದು ವರ್ಷದಲ್ಲಿ ಮೊದಲ ಸಲ ಯಾರಿಗೂ ನಾನು ಬೇಕಾಗಿರಲಿಲ್ಲ. ಬಿಸಿಲು ಮಂಡಿಯ ಮೇಲೆ ಬೀಳುತ್ತಿತ್ತು. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದುಕೊಂಡೆ. ಕೆಟ್ಟದ್ದೇನಾದರೂ ಆಗಲಿ ಎಂದು ನಾನು ಬಯಸಲಿಲ್ಲ, ಸಬೀನಾ. ಬೇಡ ಎಂದೂ ಬಯಸಲಿಲ್ಲ. ಆ ನಾಲ್ಕು ದಿನ ನಾನು ಹೆದರಿದ್ದು ಡಾಕ್ಟರ್ ಯಾವ ಮೀನು ಎಂದು ಮತ್ತೆ ಕೇಳುತ್ತಾನೆಂದಲ್ಲ. ಅಪ್ಪ ತಿನ್ನುವಾಗ ಮನೆಯಲ್ಲಿ ಯಾರಿದ್ದರು ಎಂದು ಕೇಳುತ್ತಾನೆಂದು ಹೆದರಿದ್ದೆ. ಅಪ್ಪನಿಗೆ ಗೇಟಿನ ಸದ್ದು ಕೇಳಿಸಿತ್ತು. ಕಿಟಕಿಯಿಂದ ಕರೆದರು, "ಲೆಟ್ಟಾ, ಬಂದ್ಯಾ? ಬಾ ಮಗಳೇ, ಬಿಸಿಯಿದೆ."

ನಾನು ಓಗೊಡಲಿಲ್ಲ.